ಮಸ್ಕಟೀನ್‌ನ ಹುಡುಗಿ ಕೊಟ್ಟ ಉತ್ತರ

"ಅವರು ತೋರಿಸಿದ್ದನ್ನಷ್ಟೇ ನೋಡ್ಕೊಂಡು ಬಂದಿದ್ದೀರಿ, ಅಲ್ವಾ?"

ಕಳೆದ ಶನಿವಾರ ಅಮೆರಿಕದ ಮಸ್ಕಟೀನ್ ಊರಿನಲ್ಲಿ ವಯಸ್ಸಾದ ರೈತರೊಬ್ಬರು ಹೈಸ್ಕೂಲು ಹುಡುಗಿಗೆ ಕೇಳಿದ ಪ್ರಶ್ನೆ ಇದು. ಚೀನಾಕ್ಕೆ ಹೋಗಿ ಬಂದ ಮಕ್ಕಳು ಫೋಟೊ ತೋರಿಸಿ ಅನುಭವ ಹೇಳುತ್ತಿದ್ದರು. ಮಹಾಗೋಡೆ, ಬುಲೆಟ್ ರೈಲು, ಊಟ ಎಲ್ಲ ಆಗಿತ್ತು. ಪ್ರಶ್ನೆ ಬಿದ್ದದ್ದೇ ತಡ, ಹಾಲ್‌ನಲ್ಲಿ ಯಾರೂ ಉಸಿರೆತ್ತಲಿಲ್ಲ. ಕಾರ್ಯಕ್ರಮ ನಡೆಸುತ್ತಿದ್ದ ಮೇಡಂ ನಡುವೆ ಬಾಯಿ ಹಾಕಿ ಬೇರೆ ಪ್ರಶ್ನೆ ತಗೊಳ್ಳೋಣ ಅಂದರು. ತುಂಬಾ ಒಳ್ಳೆಯವರು. ಆದರೆ ಯಾರಿಗೂ ಬೇಸರ ಆಗಬಾರದು ಅನ್ನುವವರಿಗೆ ಇಂಥ ಸಭೆ ನಡೆಸುವುದು ಕಷ್ಟ ಅಂತ ನನಗೆ ಅನಿಸಿತು.

ಹುಡುಗಿ ಮಾತ್ರ ಬಿಡಲಿಲ್ಲ. "ಹೌದು ಸರ್, ತೋರಿಸಿದ್ದನ್ನೇ ನೋಡಿದ್ವಿ. ಊಟಕ್ಕೆ ನನ್ನ ಪಕ್ಕ ಕೂತಿದ್ದ ಹುಡುಗಿಗೆ ನಾನೂ ನಮ್ಮೂರಿನ ಒಳ್ಳೇದನ್ನೇ ಹೇಳಿದೆ. ನಾವಿಬ್ಬರೂ ಈಗಲೂ ಮೆಸೇಜ್ ಮಾಡ್ತೀವಿ. ಈಗೀಗ ಬೇರೆ ವಿಷಯಾನೂ ಹೇಳ್ಕೊಳ್ತೀವಿ."

ರೈತರು ನಗಲಿಲ್ಲ, ವಾದಿಸಲೂ ಇಲ್ಲ. "ಸರಿ" ಅಂದು ಕೂತರು.

ಈ ವಾರವೆಲ್ಲ ನನ್ನ ತಲೆಯಲ್ಲಿ ಅದೇ ಮಾತು. "ಈಗೀಗ ಬೇರೆ ವಿಷಯಾನೂ ಹೇಳ್ಕೊಳ್ತೀವಿ." ಮೊದಲ ಸಲ ಬಂದ ನೆಂಟರಿಗೆ ಯಾರು ತಾನೇ ಹಿತ್ತಲು ತೋರಿಸುತ್ತಾರೆ? ಆ ವಯಸ್ಸಿಗೇ ಅವಳಿಗೆ ಇದು ಗೊತ್ತಿತ್ತು.

ಮಸ್ಕಟೀನ್ ಅಯೋವಾ ರಾಜ್ಯದಲ್ಲಿ ಮಿಸಿಸಿಪ್ಪಿ ನದಿ ದಂಡೆಯ ಸಣ್ಣ ಊರು. ಒಂದು ಕಾಲದಲ್ಲಿ ನದಿಯ ಕಪ್ಪೆಚಿಪ್ಪು ಕೊರೆದು ಅಂಗಿಗುಂಡಿ ಮಾಡಿ ಹೆಸರಾಗಿತ್ತು. ಈಗ ಚೀನಾದವರಿಗೆ ಬೇರೆ ಕಾರಣಕ್ಕೆ ಗೊತ್ತು. ಅಯೋವಾಕ್ಕೂ ಚೀನಾದ ಹೆಬೈ ಪ್ರಾಂತಕ್ಕೂ 1983ರಿಂದ ಸೋದರ ರಾಜ್ಯಗಳ ನಂಟು. ಅದರ ಬೆನ್ನಲ್ಲೇ 1985ರಲ್ಲಿ ಹೆಬೈನಿಂದ ಕೃಷಿ ನಿಯೋಗವೊಂದು ಬಂತು. ಅದರಲ್ಲಿದ್ದ ಝೆಂಗ್ಡಿಂಗ್ ಕೌಂಟಿಯ 31 ವರ್ಷದ ಅಧಿಕಾರಿಯೇ ಮುಂದೆ ಚೀನಾದ ಅಧ್ಯಕ್ಷರಾದ ಷಿ ಜಿನ್‌ಪಿಂಗ್. ಇಲ್ಲಿನ ಒಂದು ಮನೆಯಲ್ಲಿ, ಕಾಲೇಜಿಗೆ ಹೋಗಿದ್ದ ಮಕ್ಕಳ ಕೋಣೆಯಲ್ಲಿ ಮಲಗಿದ್ದರು. 2012ರ ಫೆಬ್ರುವರಿಯಲ್ಲಿ ಉಪಾಧ್ಯಕ್ಷರಾಗಿ ಬಂದಾಗ ಹಳೆಯ ಪರಿಚಯದವರ ಜತೆ ಕೂತು ಚಹಾ ಕುಡಿದರು. 2023ರ ನವೆಂಬರ್‌ನಲ್ಲಿ, ಐದು ವರ್ಷದಲ್ಲಿ 50,000 ಅಮೆರಿಕನ್ ಯುವಜನರನ್ನು ಕರೆಸುತ್ತೇವೆ ಅಂದರು. ಎರಡೇ ತಿಂಗಳಲ್ಲಿ ಮಸ್ಕಟೀನ್ ಹೈಸ್ಕೂಲಿನ ಮಕ್ಕಳು ವಿಮಾನ ಹತ್ತಿದ್ದರು.

ಅಷ್ಟಕ್ಕೇ ಎಲ್ಲ ಸರಿಯಾಯಿತು ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ. ಆ ರೈತರ ಅನುಮಾನಕ್ಕೆ ಕಾರಣ ಇದೆ. 2011ರಲ್ಲಿ ಇದೇ ಅಯೋವಾದಲ್ಲಿ ಚೀನೀ ಕಂಪನಿಯ ಕೆಲಸಗಾರನೊಬ್ಬ ಬೀಜ ಕಂಪನಿಯ ಹೊಲದಲ್ಲಿ ಮೊಣಕಾಲೂರಿ ಮಣ್ಣು ಬಗೆಯುತ್ತಾ ಸಿಕ್ಕಿದ್ದ. ಹೈಬ್ರಿಡ್ ಮೆಕ್ಕೆಜೋಳ ಮಾಡಲು ಬೇಕಾದ ಮೂಲ ತಳಿ ಕದಿಯುವ ಸಂಚು ಅದು. 2016ರಲ್ಲಿ ಅವನಿಗೆ ಮೂರು ವರ್ಷ ಜೈಲಾಯಿತು. 2018ರ ಸುಂಕದ ಜಗಳದಲ್ಲಿ ಚೀನಾ ಅಮೆರಿಕದ ಸೋಯಾ ಮೇಲೆ ಶೇ. 25 ಸುಂಕ ಹಾಕಿತು. ಏಟು ಬಿದ್ದದ್ದು ಇಲ್ಲಿನ ರೈತರಿಗೆ. ಇಷ್ಟೆಲ್ಲ ಕಂಡವರು ಪ್ರಶ್ನೆ ಕೇಳದೆ ಚಪ್ಪಾಳೆ ತಟ್ಟಬೇಕು ಅನ್ನುವುದು ಅನ್ಯಾಯ.

ಆದರೆ ಆ ದಿನ ನನ್ನ ಜತೆ ಬಂದಿದ್ದ ಸಹೋದ್ಯೋಗಿಯ ಕಡೆಯಿಂದಲೂ ನೋಡಬೇಕು. ಅವಳು ಹೆಬೈನವಳು, ಸಸ್ಯ ತಳಿ ಓದಿದವಳು. ವಾಪಸ್ ಬರುವಾಗ ದಾರಿಯುದ್ದಕ್ಕೂ ಆಳೆತ್ತರದ ಜೋಳ, ಸೂರ್ಯ ಇಳಿಯುತ್ತಿದ್ದ. ನಾನು ದಾವಣಗೆರೆ ಕಡೆಯವನು, ಮೆಕ್ಕೆಜೋಳದ ಹೊಲ ಕಂಡರೆ ಕಾರು ನಿಲ್ಲಿಸದೆ ಇರಲಾರೆ. ಇಳಿದು ಫೋಟೊ ತೆಗೆದೆ, ಒಂದು ಗರಿ ಹಿಡಿದು ನೋಡಿದೆ. ಅವಳು ಇಳಿಯಲಿಲ್ಲ. ಕಿಟಕಿ ಗಾಜನ್ನೂ ಇಳಿಸಲಿಲ್ಲ, ಎರಡೂ ಕೈ ತೊಡೆ ಮೇಲೆ ಇಟ್ಟುಕೊಂಡು ಕೂತಿದ್ದಳು.

"ಬಾ, ಚೆನ್ನಾಗಿದೆ" ಅಂದೆ.

"ನಾನು ಹೊಲದ ಹತ್ತಿರ ಇಳಿಯೋದಿಲ್ಲ. ನೀನು ಇಳೀಬಹುದು" ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ರೂಢಿಯಾಗಿ ಹೋಗಿತ್ತು. ಅದೇ ನನಗೆ ಜಾಸ್ತಿ ನೋವಾಯಿತು.

ಕದ್ದವನು ಒಬ್ಬ. ಕಾರಿಂದ ಇಳಿಯದೆ ಕೂತವಳು ಇವಳು. ದೊಡ್ಡ ಸರ್ಕಾರಗಳ ಮಾತುಕತೆಯಿಂದ ಇವಳ ಹೆದರಿಕೆ ಹೋಗುವುದಿಲ್ಲ. ಹೊಲದ ಯಜಮಾನನಿಗೆ ಇವಳ ಮುಖ ಪರಿಚಯ ಇದ್ದರೆ ಮಾತ್ರ ಹೋಗುತ್ತದೆ. ಊರು ಊರುಗಳ ನಂಟು ಬೇಕು ಅಂತ ನಾನು ಹೇಳುವುದು ಇದಕ್ಕೇ.

ಆದರೆ ಆ ನಂಟನ್ನೇ ಈಗ ಅನುಮಾನದಿಂದ ನೋಡುತ್ತಾರೆ. ಎರಡೂ ದೇಶಗಳ ರಾಜ್ಯಪಾಲರು ಸೇರುತ್ತಿದ್ದ ವೇದಿಕೆಯ ಒಪ್ಪಂದದಿಂದ 2020ರಲ್ಲಿ ಅಮೆರಿಕ ಹೊರಗೆ ಬಂತು. ಊರಿನ ಮುಖಂಡರನ್ನು ಬೀಜಿಂಗ್ ತನ್ನ ಕಡೆ ಎಳೆದುಕೊಳ್ಳುತ್ತದೆ ಅನ್ನುವುದು ಕಾರಣ. ಹಾಗಾಗುವುದೂ ಉಂಟು ಅಂತ ನಾನೂ ಒಪ್ಪುತ್ತೇನೆ. ಆದರೆ ಟೆರಿ ಬ್ರ್ಯಾನ್‌ಸ್ಟಡ್ ಅವರನ್ನು ನೋಡಿ. 1985ರಲ್ಲಿ ಆ ನಿಯೋಗ ಬಂದಾಗ ಇವರೇ ಅಯೋವಾದ ಗವರ್ನರ್. 2017ರಲ್ಲಿ ಚೀನಾಕ್ಕೆ ರಾಯಭಾರಿಯಾಗಿ ಹೋದರು. ಮರುವರ್ಷ ಚೀನಾದ ಸರ್ಕಾರಿ ಪತ್ರಿಕೆ ಅಯೋವಾದ ದಿನಪತ್ರಿಕೆಯಲ್ಲಿ ಪುಟಗಟ್ಟಲೆ ಜಾಹೀರಾತು ಹಾಕಿ ಸುಂಕದ ಜಗಳದ ತಪ್ಪನ್ನು ಟ್ರಂಪ್ ತಲೆಗೆ ಕಟ್ಟಿತು. ಆಗ ಇವರು ಅದೇ ದಿನಪತ್ರಿಕೆಯಲ್ಲಿ ಚೀನಾ ಸರ್ಕಾರವನ್ನು ನೇರವಾಗಿ ಟೀಕಿಸಿ ಬರೆದರು. ಹಳೆಯ ಸ್ನೇಹ ಅವರ ಬಾಯಿ ಕಟ್ಟಲಿಲ್ಲ. ಸ್ನೇಹ ಅಂದ ಮೇಲೆ ಇಷ್ಟು ಹೇಳುವ ಧೈರ್ಯ ಇರಲೇಬೇಕು, ಅಲ್ವಾ? ಅದಕ್ಕೇ ಆ ರೈತರ ಪ್ರಶ್ನೆ ನನಗೆ ತಪ್ಪು ಅನಿಸಲೇ ಇಲ್ಲ. ಅವರನ್ನೂ ಒಮ್ಮೆ ಚೀನಾಕ್ಕೆ ಕರೆದುಕೊಂಡು ಹೋಗಬೇಕಿತ್ತು.

ಮೊನ್ನೆ ನಮ್ಮ ಕನ್ನಡ ಬಳಗದ ಮೀಟಿಂಗ್‌ನಲ್ಲಿ ಈ ಕಥೆ ಹೇಳಿ, ದೀಪಾವಳಿ ಊಟಕ್ಕೆ ಇಲ್ಲಿನ ಚೀನೀ ಕುಟುಂಬಗಳನ್ನೂ ಕರೆಯೋಣ ಅಂದೆ. ಹಿರಿಯರೊಬ್ಬರು, "ಗಲ್ವಾನ್ ಮರೆತುಬಿಟ್ರಾ?" ಅಂದರು. ಸೇನೆಯಲ್ಲಿ ಇದ್ದವರ ಮನೆ ಅವರದು, ಸುಮ್ನೆ ಅಂದ ಮಾತಲ್ಲ. ಮರೆತಿಲ್ಲ ಸರ್ ಅಂದೆ. 2013ರಲ್ಲಿ ಬೆಂಗಳೂರಿಗೂ ಚೆಂಗ್ಡುಗೂ ಸೋದರ ನಗರದ ಒಪ್ಪಂದ ಆಗಿತ್ತು. ಆ ಮಾತನ್ನು ಎತ್ತಿದರೆ ಅಲ್ಲಿದ್ದವರಲ್ಲಿ ಒಬ್ಬರೂ ಕೇಳಿರಲಿಲ್ಲ. ಹೆಸರಿಗೆ ಒಪ್ಪಂದ ಇದೆ, ಮೆಸೇಜ್ ಮಾಡಿಕೊಳ್ಳುವ ಇಬ್ಬರು ಹುಡುಗಿಯರಿಲ್ಲ.

"ನೀವೂ ಬನ್ನಿ ಸರ್. ನಿಮಗೆ ಕೇಳಬೇಕು ಅನಿಸಿದ್ದನ್ನ ಅವರ ಎದುರಿಗೇ ಕೇಳಿ" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಅವರು ಹಂದಿ ಮಾಂಸ ತರೋದಿಲ್ಲ ತಾನೇ ಅಂತ ವಿಚಾರಿಸಿದರು. ಅಡುಗೆ ಪೂರ್ತಿ ನಮ್ಮದೇ ಅಂತ ಹೇಳಿದ್ದೇನೆ. ಸಹೋದ್ಯೋಗಿ ನಾಲ್ಕು ಮನೆಗಳ ಹೆಸರು ಕೊಟ್ಟಿದ್ದಾಳೆ. ಈ ಭಾನುವಾರ ಅವರಿಗೆಲ್ಲ ಫೋನ್ ಮಾಡಬೇಕು.