ಯಾವ ಪ್ರತಿಯನ್ನು ನೋಡಿದಿರಿ?

ಕೆಲವು ವರ್ಷಗಳ ಹಿಂದೆ ಗೆಳೆಯರೊಬ್ಬರಿಗೂ ನನಗೂ ಒಂದು ಚಿತ್ರದ ಕೊನೆಯ ದೃಶ್ಯದ ಬಗ್ಗೆ ವಾದ ಹತ್ತಿಕೊಂಡಿತು. ಅದು ಮಾರಿಯೊ ಬಾವಾ 1963ರಲ್ಲಿ ನಿರ್ದೇಶಿಸಿದ ‘ಬ್ಲ್ಯಾಕ್ ಸಬತ್’, ಮೂರು ಬಿಡಿ ಕಥೆಗಳನ್ನು ಪೋಣಿಸಿದ ಭಯಾನಕ ಚಿತ್ರ. ಕೊನೆಯಲ್ಲಿ ನಟ ಬೋರಿಸ್ ಕಾರ್ಲಾಫ್ ಕುದುರೆಯೇರಿ ಕಾಡಿನ ನಡುವೆ ಧಾವಿಸುತ್ತಿರುವಾಗ ಕ್ಯಾಮೆರಾ ಮೆಲ್ಲನೆ ಹಿಂದಕ್ಕೆ ಸರಿಯುತ್ತದೆ, ಕುದುರೆ ಬರೀ ಗೊಂಬೆಯೆಂದೂ ಸ್ಟುಡಿಯೊದ ಕೆಲಸಗಾರರು ಮರದ ಕೊಂಬೆಗಳನ್ನು ಹಿಡಿದುಕೊಂಡು ಅದರ ಸುತ್ತ ಓಡುತ್ತಿದ್ದಾರೆಂದೂ ಆಗ ತಿಳಿಯುತ್ತದೆ ಎಂದು ಅವರು ವಿವರಿಸಿದರು. ಅಂಥ ದೃಶ್ಯವೇ ಚಿತ್ರದಲ್ಲಿಲ್ಲ, ನಿಮಗೆ ಬೇರಾವುದೋ ಚಿತ್ರ ನೆನಪಾಗುತ್ತಿರಬೇಕು ಎಂದು ನಾನು ಹಟ ಹಿಡಿದೆ. ವಾದ ಮುಗಿಯಲು ಒಂದು ವಾರ ಬೇಕಾಯಿತು. ಅವರು ನೋಡಿದ್ದು ಇಟಲಿಯ ಪ್ರತಿ, ನಾನು ನೋಡಿದ್ದು ಅಮೆರಿಕದ ವಿತರಕರು ತಿದ್ದಿದ ಪ್ರತಿ. ಆ ದೃಶ್ಯ ನನ್ನ ಪ್ರತಿಯಲ್ಲಿ ನಿಜಕ್ಕೂ ಇರಲಿಲ್ಲ.

ಅಂದಿನಿಂದ ಯುರೋಪಿನ ಹಳೆಯ ಭಯಾನಕ, ಪತ್ತೇದಾರಿ ಮತ್ತು ಕೌಬಾಯ್ ಚಿತ್ರಗಳನ್ನು ನೋಡುವಾಗ ಪಕ್ಕದಲ್ಲೊಂದು ನೋಟ್‌ಬುಕ್ ಇಟ್ಟುಕೊಳ್ಳುವುದು ರೂಢಿಯಾಗಿದೆ. ಪ್ರತಿ ಪುಟದ ತಲೆಯ ಮೇಲೂ ಒಂದೇ ಪ್ರಶ್ನೆ: ಇದು ಯಾವ ಪ್ರತಿ? ಈ ಬರಹ ಆ ಟಿಪ್ಪಣಿಗಳಿಂದ ಹೆಕ್ಕಿದ್ದು.

‘ಬ್ಲ್ಯಾಕ್ ಸಬತ್’ ಚಿತ್ರವನ್ನೇ ಇನ್ನಷ್ಟು ನೋಡೋಣ. ಇಟಲಿಯಲ್ಲಿ ಅದರ ಹೆಸರು ‘ಭಯದ ಮೂರು ಮುಖಗಳು’ ಎಂಬ ಅರ್ಥದ್ದು. ಅಲ್ಲಿ ಟೆಲಿಫೋನಿನ ಕಥೆ ಮೊದಲು, ರಕ್ತ ಹೀರುವ ವುರ್ದುಲಾಕ್‌ನ ಕಥೆ ನಡುವೆ, ನೀರಿನ ಹನಿಯ ಕಥೆ ಕೊನೆಗೆ. ಅಮೆರಿಕದವರು ನೀರಿನ ಹನಿಯನ್ನು ಮೊದಲಿಗೆ ತಂದು ವುರ್ದುಲಾಕ್‌ನನ್ನು ಕೊನೆಗೆ ತಳ್ಳಿದರು. ರೊಬೆರ್ತೊ ನಿಕೊಲೊಸಿಯವರ ಸಂಗೀತವನ್ನು ಕಿತ್ತುಹಾಕಿ ಲೆಸ್ ಬ್ಯಾಕ್ಸ್‌ಟರ್ ಅವರಿಂದ ಹೊಸದಾಗಿ ಮಾಡಿಸಿದರು. ಟೆಲಿಫೋನಿನ ಕಥೆಯಲ್ಲಿ ಇಬ್ಬರು ಹೆಂಗಸರ ನಡುವಿನ ಹಳೆಯ ಸಂಬಂಧದ ಸುಳಿವನ್ನು ಅಳಿಸಿ, ಫೋನ್ ಮಾಡುವವನನ್ನು ದೆವ್ವವಾಗಿಸಿದರು. ಇಷ್ಟೆಲ್ಲ ಓದಿದವರು ಅಮೆರಿಕದ ಪ್ರತಿಯನ್ನು ಮೂಲೆಗೆ ಎಸೆಯಬಹುದು ಎಂದುಕೊಳ್ಳುತ್ತಾರೆ. ಆದರೆ ಕಾರ್ಲಾಫ್ ಅವರ ಸ್ವಂತ ದನಿ ಕೇಳಿಸುವುದು ಆ ಪ್ರತಿಯಲ್ಲಿ ಮಾತ್ರ; ಇಟಲಿಯ ಪ್ರತಿಯಲ್ಲಿ ಅವರ ಬಾಯಿಂದ ಬರುವುದು ಬೇರೊಬ್ಬರ ಮಾತು. ಕುದುರೆ ಬೇಕೆಂದರೆ ದನಿ ಬಿಡಬೇಕು, ದನಿ ಬೇಕೆಂದರೆ ಕುದುರೆ ಬಿಡಬೇಕು. ನಾನು ಎರಡನ್ನೂ ಇಟ್ಟುಕೊಂಡಿದ್ದೇನೆ.

ಯಾವ ಪ್ರತಿಯಾದರೂ ಸರಿ, ನೀರಿನ ಹನಿಯ ಕಥೆಯಲ್ಲಿ ಸತ್ತ ಮುದುಕಿಯ ಮುಖವನ್ನು ಒಮ್ಮೆ ನಿಧಾನವಾಗಿ ಗಮನಿಸಿ. ಅದು ಯಾವ ನಟಿಯ ಮುಖವೂ ಅಲ್ಲ. ಬಾವಾ ಅವರ ತಂದೆ ಯುಜೆನಿಯೊ ಬಾವಾ ಕೈಯಾರೆ ಮಾಡಿಕೊಟ್ಟ ಪ್ರತಿಮೆ. ಉಂಗುರ ಕದ್ದ ನರ್ಸ್ ತನ್ನ ಕೋಣೆಗೆ ಮರಳಿದ ಮೇಲೆ ಹಸಿರು, ನೇರಳೆ ಬೆಳಕುಗಳು ಮಿನುಗುತ್ತಲೇ ಇರುತ್ತವೆ. ಅವು ಎಲ್ಲಿಂದ ಬರುತ್ತವೆ ಎಂದು ಚಿತ್ರ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ. ಬಾವಾ ಮೂಲತಃ ಛಾಯಾಗ್ರಾಹಕರು. ನಿರ್ದೇಶಕ ರಿಕಾರ್ದೊ ಫ್ರೆದಾ ಅರ್ಧಕ್ಕೆ ಕೈಬಿಟ್ಟ 1957ರ ‘ಇ ವಾಂಪಿರಿ’ ಚಿತ್ರವನ್ನು ಮುಗಿಸಿಕೊಟ್ಟವರೂ ಅವರೇ. ಅದರಲ್ಲಿ ಒಬ್ಬ ಸುಂದರಿ ಕ್ಯಾಮೆರಾದ ಎದುರಿಗೇ, ಒಂದೇ ಶಾಟ್‌ನಲ್ಲಿ, ಮುದುಕಿಯಾಗಿಬಿಡುತ್ತಾಳೆ. ಉಪಾಯ ಸರಳವಾದದ್ದು: ಸುಕ್ಕುಗಳನ್ನು ಕೆಂಪು ಬಣ್ಣದಲ್ಲಿ ಬರೆದರೆ ಕೆಂಪು ಬೆಳಕಿನಲ್ಲಿ ಅವು ಕಪ್ಪು-ಬಿಳುಪು ಫಿಲ್ಮಿಗೆ ಕಾಣುವುದಿಲ್ಲ, ಬೆಳಕನ್ನು ಹಸಿರಿಗೋ ನೀಲಿಗೋ ತಿರುಗಿಸಿದೊಡನೆ ಕಪ್ಪಗೆ ಎದ್ದು ಬರುತ್ತವೆ. ವರ್ಣಚಿತ್ರದಲ್ಲಿ ಈ ಆಟ ನಡೆಯದು.

ದನಿಯ ಮಾತು ಬಂದದ್ದರಿಂದ, ಹೊಸಬರು ತಪ್ಪದೆ ಕೇಳುವ ಪ್ರಶ್ನೆಗೆ ಇಲ್ಲೇ ಉತ್ತರಿಸುತ್ತೇನೆ: ಈ ಚಿತ್ರಗಳನ್ನು ಮೂಲ ಭಾಷೆಯಲ್ಲಿ ನೋಡಬೇಕೆ, ಇಂಗ್ಲಿಷಿನಲ್ಲಿ ನೋಡಬೇಕೆ? ಅಂದಿನ ಇಟಲಿಯ ಸ್ಟುಡಿಯೊಗಳಲ್ಲಿ ಚಿತ್ರೀಕರಣದ ವೇಳೆ ಚಿತ್ರಕ್ಕೆ ಬೇಕಾದ ಧ್ವನಿಯನ್ನು ಮುದ್ರಿಸಿಕೊಳ್ಳುವ ಪದ್ಧತಿಯೇ ಇರಲಿಲ್ಲ. ಎಲ್ಲ ಮಾತುಗಳೂ ಆಮೇಲೆ ಡಬ್ಬಿಂಗ್ ಕೋಣೆಯಲ್ಲಿ ಸೇರುತ್ತಿದ್ದವು. ಅಮೆರಿಕದ ನಾಯಕ ಇಂಗ್ಲಿಷಿನಲ್ಲಿ, ಎದುರಿನ ಖಳ ಇಟಾಲಿಯನ್ನಿನಲ್ಲಿ, ಪಕ್ಕದ ಪೊಲೀಸ್ ಸ್ಪ್ಯಾನಿಷಿನಲ್ಲಿ ಮಾತಾಡುವುದು ಸಾಮಾನ್ಯವಾಗಿತ್ತು. ಆದ್ದರಿಂದ ಎಲ್ಲರ ತುಟಿಗೂ ಹೊಂದುವ ಭಾಷೆ ಯಾವುದೂ ಇಲ್ಲ. ನಿರ್ದೇಶಕ ಸೆರ್ಜೊ ಲಿಯೋನೆಯವರ ಕೌಬಾಯ್ ಕಥೆಗಳ ಡಾಲರ್ ಚಿತ್ರತ್ರಯವನ್ನು ಇಟಲಿಯ ಪ್ರೇಕ್ಷಕರು ನೋಡಿದ್ದು ಎನ್ರಿಕೊ ಮಾರಿಯಾ ಸಲೆರ್ನೊ ಅವರ ದನಿಯಲ್ಲಿ ಮಾತಾಡುವ ಕ್ಲಿಂಟ್ ಈಸ್ಟ್‌ವುಡ್ ಅವರನ್ನು. ಮುಖ್ಯ ನಟರು ಯಾವ ಭಾಷೆಯಲ್ಲಿ ತುಟಿ ಆಡಿಸುತ್ತಿದ್ದಾರೆಂದು ಮೊದಲ ಹತ್ತು ನಿಮಿಷ ನೋಡಿ ಆ ಭಾಷೆಗೆ ಬದಲಾಯಿಸಿಕೊಳ್ಳುವುದು ನನ್ನ ಪದ್ಧತಿ.

ಆ ಚಿತ್ರತ್ರಯದ ಕೊನೆಯದಾದ ‘ದಿ ಗುಡ್, ದಿ ಬ್ಯಾಡ್ ಅಂಡ್ ದಿ ಅಗ್ಲಿ’ ಚಿತ್ರದ ಉದ್ದನೆಯ ಪ್ರತಿ ಸಿಕ್ಕರೆ ಕಿವಿ ತೆರೆದಿಟ್ಟುಕೊಳ್ಳಿ. 1966ರ ಇಟಲಿಯ ಪ್ರತಿಯಲ್ಲಿದ್ದು ಇಂಗ್ಲಿಷ್ ಪ್ರತಿಯಿಂದ ಬಿಟ್ಟುಹೋದ ದೃಶ್ಯಗಳನ್ನು 2003ರಲ್ಲಿ ಮತ್ತೆ ಸೇರಿಸಿದಾಗ, ಈಸ್ಟ್‌ವುಡ್ ಮತ್ತು ಇಲೈ ವಾಲಕ್ ಇಳಿವಯಸ್ಸಿನಲ್ಲಿ ಮೈಕಿನ ಮುಂದೆ ನಿಂತು ಅವಕ್ಕೆ ದನಿ ಕೊಟ್ಟರು. ಲೀ ವ್ಯಾನ್ ಕ್ಲೀಫ್ 1989ರಲ್ಲೇ ತೀರಿಕೊಂಡಿದ್ದರಿಂದ ಅವರ ಮಾತುಗಳನ್ನು ಬೇರೊಬ್ಬರು ಆಡಿದರು. ಗುಹೆಯ ದೃಶ್ಯದಲ್ಲಿ ವಾಲಕ್ ಅವರ ಪಾತ್ರವಾದ ಟೂಕೊನ ಮುಖ ಅದೇ, ಗಡ್ಡ ಅದೇ. ಗಂಟಲು ಮಾತ್ರ ಒಮ್ಮೆಲೇ ಮೂವತ್ತೇಳು ವರ್ಷ ಮುಪ್ಪಾಗುತ್ತದೆ. ಆ ಸೇರ್ಪಡೆಗಳಿಲ್ಲದಿದ್ದರೇ ಚಿತ್ರದ ಓಟ ಚೆನ್ನಾಗಿತ್ತು ಎಂಬುದು ನನ್ನ ಅಭಿಪ್ರಾಯ, ಆದರೂ ಆ ಮುಪ್ಪಿನ ದನಿಯ ಮೇಲೆ ನನಗೆ ಯಾಕೋ ಮಮತೆ.

ಇದೇ ಚಿತ್ರದ ಬಗ್ಗೆ ನನ್ನದೊಂದು ಹಳೆಯ ಕೊರಗಿದೆ. ನಾನು ಮೊದಲು ನೋಡಿದ್ದು ಟಿವಿಯ ಚೌಕಕ್ಕೆ ಕತ್ತರಿಸಿದ ಕ್ಯಾಸೆಟ್‌ನಲ್ಲಿ. ಕೊನೆಯ ಸ್ಮಶಾನದ ದೃಶ್ಯದಲ್ಲಿ ಮೂವರು ಬಂದೂಕುಗಾರರು ವೃತ್ತದ ಮೂರು ಕಡೆ ನಿಲ್ಲಬೇಕು. ನನ್ನ ಪರದೆಯ ಮೇಲೆ ಇಬ್ಬರು ನಿಂತಿದ್ದರು, ಮೂರನೆಯವನ ಮೊಣಕೈ ಮಾತ್ರ ಅಂಚಿನಲ್ಲಿ ಇಣುಕುತ್ತಿತ್ತು. ಎತ್ತರದ 2.35 ಪಟ್ಟು ಅಗಲವಿರುವ ಚಿತ್ರವನ್ನು 1.33 ಪಟ್ಟು ಅಗಲದ ಚೌಕಕ್ಕೆ ಇಳಿಸಿದರೆ ಶೇಕಡಾ 43ರಷ್ಟು ಭಾಗ ಹೋಗುತ್ತದೆ. ಲಿಯೋನೆಯವರ ಮಟ್ಟಿಗೆ ಇದು ದೊಡ್ಡ ನಷ್ಟ, ಏಕೆಂದರೆ ಅವರ ಶೈಲಿಯ ಬೇರು ಇರುವುದೇ ಆ ಅಗಲದಲ್ಲಿ. ಅವರು ಬಳಸಿದ್ದು ಟೆಕ್ನಿಸ್ಕೋಪ್ ಎಂಬ, ಟೆಕ್ನಿಕಲರ್ ಕಂಪನಿಯ ಇಟಲಿಯ ಶಾಖೆ ರೂಪಿಸಿದ ವಿಧಾನವನ್ನು. 35 ಮಿಲಿಮೀಟರ್ ಫಿಲ್ಮಿನಲ್ಲಿ ಸಾಮಾನ್ಯವಾಗಿ ಒಂದು ಚೌಕಟ್ಟಿಗೆ ಅಂಚಿನ ನಾಲ್ಕು ರಂಧ್ರಗಳಷ್ಟು ಎತ್ತರ ಬೇಕು. ಇದರಲ್ಲಿ ಎರಡೇ ಸಾಕು. ಹನ್ನೊಂದು ನಿಮಿಷ ಓಡಬೇಕಾದ ಸಾವಿರ ಅಡಿಯ ರೀಲು ಇಪ್ಪತ್ತೆರಡು ನಿಮಿಷ ಓಡುತ್ತಿತ್ತು, ಫಿಲ್ಮಿನ ಖರ್ಚು ಅರ್ಧಕ್ಕಿಳಿಯುತ್ತಿತ್ತು. ಕಾಸು ಉಳಿಸಲು ಹೊರಟ ಈ ವಿಧಾನದಿಂದ ಇನ್ನೊಂದು ಲಾಭವೂ ಆಯಿತು. ಅಗಲ ಪರದೆಗೆ ಹಾಲಿವುಡ್ ಬಳಸುತ್ತಿದ್ದ ವಿಶೇಷ ಮಸೂರಗಳು ತೀರಾ ಹತ್ತಿರ ಹೋದರೆ ಮುಖವನ್ನು ಉಬ್ಬಿಸಿಬಿಡುತ್ತಿದ್ದವು. ಟೆಕ್ನಿಸ್ಕೋಪಿಗೆ ಸಾಧಾರಣ ಮಸೂರವೇ ಸಾಕಾದ್ದರಿಂದ ಕಣ್ಣಿನ ರೆಪ್ಪೆಯವರೆಗೂ ಕ್ಯಾಮೆರಾ ಒಯ್ಯಬಹುದಿತ್ತು, ಹಿಂದಿನ ಬೆಟ್ಟವೂ ಸ್ಪಷ್ಟವಾಗಿ ಕಾಣುತ್ತಿತ್ತು. ಬೆವರಿದ ಹಣೆ ಮತ್ತು ಕಿರಿದಾದ ಕಣ್ಣುಗಳಿಂದ ಪರದೆ ತುಂಬುವ ಆ ಕ್ಲೋಸಪ್‌ಗಳು ಸಾಧ್ಯವಾದದ್ದು ಹೀಗೆ. ಚಿಕ್ಕ ಚೌಕಟ್ಟನ್ನು ಹಿಗ್ಗಿಸಿದ್ದರಿಂದ ಚಿತ್ರದಲ್ಲಿ ರವೆಯಂಥ ಕಣಗಳು ಎದ್ದು ಕಾಣುತ್ತವೆ. ಅವನ್ನು ದೋಷವೆಂದು ಕಂಪ್ಯೂಟರಿನಲ್ಲಿ ಒರೆಸಿ ಮುಖಗಳನ್ನು ಮೇಣದಂತೆ ಮಾಡಿದ ಡಿಸ್ಕ್‌ಗಳೂ ಬಂದಿವೆ, ಅಂಥವನ್ನು ಕೊಳ್ಳಬೇಡಿ.

ಆ ಸ್ಮಶಾನ ಇರುವುದು ಸ್ಪೇನಿನ ಬುರ್ಗೋಸ್ ಪ್ರಾಂತ್ಯದಲ್ಲಿ. ಸುಮಾರು 5,000 ಸುಳ್ಳು ಸಮಾಧಿಗಳನ್ನು ಕಟ್ಟಿದವರು ಸ್ಪೇನಿನ ಸೈನಿಕರು. ಚಿತ್ರದ ಸೇತುವೆಯನ್ನು ಕಟ್ಟಿದವರೂ ಅವರೇ. ಕ್ಯಾಮೆರಾಗಳು ಓಡುವ ಮೊದಲೇ ಯಾರೋ ಅದನ್ನು ಸ್ಫೋಟಿಸಿಬಿಟ್ಟಾಗ ಮತ್ತೊಮ್ಮೆ ಕಟ್ಟಿಕೊಟ್ಟವರೂ ಅವರೇ. ದಶಕಗಳ ಕಾಲ ಹುಲ್ಲು ಮುಚ್ಚಿದ್ದ ಸ್ಮಶಾನದ ಕಲ್ಲಿನ ವೃತ್ತವನ್ನು 2015ರಿಂದ ಅಭಿಮಾನಿಗಳು ಗುದ್ದಲಿ ಹಿಡಿದು ಅಗೆದು ತೆಗೆದರು.

ಇನ್ನು ಇಟಲಿಯ ಜಾಲೊ ಚಿತ್ರಗಳು. ಜಾಲೊ ಎಂದರೆ ಹಳದಿ. ಮೊಂದದೋರಿ ಪ್ರಕಾಶನ 1929ರಿಂದ ಹಳದಿ ರಕ್ಷಾಪುಟದಲ್ಲಿ ತಂದ ಪತ್ತೇದಾರಿ ಕಾದಂಬರಿಗಳಿಂದ ಈ ಹೆಸರು ಬಂತು. ಕರಿಯ ಕೈಗವಸು, ಹೊಳೆಯುವ ಕತ್ತಿ, ಕಂಡದ್ದನ್ನು ಸರಿಯಾಗಿ ನೆನಪಿಸಿಕೊಳ್ಳಲಾಗದ ಸಾಕ್ಷಿ ಇವುಗಳ ಸಾಮಗ್ರಿ. ದಾರಿಯೊ ಅರ್ಜೆಂತೊ ಅವರ ಚಿತ್ರಗಳಲ್ಲಿ ಕೈಗವಸಿನೊಳಗೆ ಹೆಚ್ಚಾಗಿ ಇರುವುದು ನಿರ್ದೇಶಕರದೇ ಕೈ. ಇನ್ನೊಂದು ಆಟವೂ ಉಂಟು: ಚಿತ್ರದಲ್ಲಿ ಯಾರಾದರೂ ಮದ್ಯ ಸುರಿದುಕೊಂಡರೆ ಬಾಟಲಿಯನ್ನು ನೋಡಿ. ಹಸಿರು ಗಾಜು, ಹಳದಿ ಚೀಟಿ, ಕೆಂಪು ಅಕ್ಷರ. ಜೆ ಅಂಡ್ ಬಿ ವಿಸ್ಕಿ ಅದು. ಎಷ್ಟೊಂದು ಚಿತ್ರಗಳಲ್ಲಿ ಬರುತ್ತದೆಂದರೆ ಅದಿಲ್ಲದ ಜಾಲೊ ಕಂಡರೆ ನನಗೆ ಅನುಮಾನವಾಗುತ್ತದೆ.

ಈ ಬಗೆಯಲ್ಲಿ ಒಂದೇ ಚಿತ್ರ ನೋಡುವುದಾದರೆ ಅರ್ಜೆಂತೊ ಅವರ 1975ರ ‘ಡೀಪ್ ರೆಡ್’ ನೋಡಿ. ಕಥೆ ನಡೆಯುವುದು ರೋಮ್‌ನಲ್ಲಿ, ಆದರೆ ಚಿತ್ರದಲ್ಲಿ ಕಾಣುವ ಕಾರಂಜಿಗಳ ಚೌಕ ಇರುವುದು ಟ್ಯೂರಿನ್‌ನಲ್ಲಿ. ಅದರ ಮೂಲೆಯ ಬಾರನ್ನು ಎಡ್ವರ್ಡ್ ಹಾಪರ್ 1942ರಲ್ಲಿ ಬರೆದ ‘ನೈಟ್‌ಹಾಕ್ಸ್’ ಚಿತ್ರಕಲೆಯನ್ನು ನೋಡಿ ಕಟ್ಟಲಾಗಿತ್ತು. ಪಿಯಾನೊ ವಾದಕ ಮಾರ್ಕಸ್ ಕೊಲೆಯಾದ ಮನೆಗೆ ಓಡಿ ಬಂದು ಹಜಾರವನ್ನು ದಾಟುವಾಗ ಗೋಡೆಯ ತುಂಬ ವಿಚಿತ್ರ ಮುಖಗಳ ಚಿತ್ರಗಳು ತೂಗುತ್ತಿರುತ್ತವೆ. ಅಲ್ಲಿ ಕಂಡ ಒಂದು ಚಿತ್ರ ಆಮೇಲೆ ಕಾಣೆಯಾಗಿದೆ ಎಂದು ಆತ ಉಳಿದ ಸಿನಿಮಾದುದ್ದಕ್ಕೂ ಹುಡುಕುತ್ತಾನೆ. ಅರ್ಜೆಂತೊ ಇಲ್ಲಿ ಮೋಸ ಮಾಡಿಲ್ಲ. ಮಾರ್ಕಸ್ ಕಂಡದ್ದು ನಮಗೂ ಅದೇ ಕ್ಷಣದಲ್ಲಿ, ಪೂರ್ತಿಯಾಗಿ ಕಾಣುತ್ತದೆ. ಉತ್ತರ ನಮ್ಮ ಕಣ್ಣ ಮುಂದೆಯೇ ಹಾದುಹೋಗುತ್ತದೆ. ಮಸುಕಾದ ಹಳೆಯ ಟೇಪುಗಳಲ್ಲಿ ಆ ಜಾಗ ಬರೀ ಕತ್ತಲು, ಹಾಗೆ ನೋಡಿದವರಿಗೆ ಚಿತ್ರದ ಮುಖ್ಯ ಚಮತ್ಕಾರವೇ ತಪ್ಪಿಹೋಗಿರುತ್ತದೆ. ಇಟಲಿಯ ಪ್ರತಿ ಎರಡು ಗಂಟೆ ಮೀರುತ್ತದೆ. ಹೊರದೇಶಗಳಿಗೆ ಕಳಿಸಿದ ಇಂಗ್ಲಿಷ್ ಪ್ರತಿ ಇಪ್ಪತ್ತು ನಿಮಿಷದಷ್ಟು ಚಿಕ್ಕದು. ಕತ್ತರಿಸಿದ ಭಾಗಗಳಿಗೆ ಇಂಗ್ಲಿಷ್ ಧ್ವನಿ ಇಲ್ಲದ್ದರಿಂದ, ಪೂರ್ಣ ಪ್ರತಿಯನ್ನು ಇಂಗ್ಲಿಷಿನಲ್ಲಿ ಹಾಕಿದರೆ ಪಾತ್ರಗಳು ಮಾತಿನ ನಡುವೆ ಏಕಾಏಕಿ ಇಟಾಲಿಯನ್ನಿಗೆ ಹಾರುತ್ತವೆ. ಡಿಸ್ಕ್ ಕೆಟ್ಟಿದೆಯೆಂದು ಹಿಂದಿರುಗಿಸಲು ಹೊರಡಬೇಡಿ.

ಹೆಸರುಗಳ ಗೊಂದಲ ಬೇರೆಯದೇ ಕಾಡು. ‘ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್’ 1964ರಲ್ಲಿ ಬಂದಾಗ ಅಮೆರಿಕದ ಚಿತ್ರವೆಂದು ಜನ ನಂಬಲೆಂದು ಲಿಯೋನೆ ತಮ್ಮನ್ನು ಬಾಬ್ ರಾಬರ್ಟ್‌ಸನ್ ಎಂದು ಕರೆದುಕೊಂಡರು. ಅವರ ತಂದೆ ರೊಬೆರ್ತೊ ರೊಬೆರ್ತಿ ಎಂಬ ಹೆಸರಿನಲ್ಲಿ ಚಿತ್ರ ನಿರ್ದೇಶಿಸಿದ್ದರು. ರಾಬರ್ಟನ ಮಗ ಎಂಬ ಸೂಚನೆ ಅದರಲ್ಲಿ ಅಡಗಿದೆ. ಜಾರ್ಜ್ ರೊಮೆರೊ ಅವರ ಚಿತ್ರ ಇಟಲಿಯಲ್ಲಿ ‘ಜೊಂಬಿ’ ಎಂದು ಓಡಿದ್ದರಿಂದ, ಅದಕ್ಕೆ ಸಂಬಂಧವೇ ಇಲ್ಲದ ಲೂಚೊ ಫುಲ್ಚಿಯವರ 1979ರ ಚಿತ್ರ ‘ಜೊಂಬಿ 2’ ಆಯಿತು. ನೀರಿನಡಿಯಲ್ಲಿ ಶವವೊಂದು ಶಾರ್ಕ್ ಜೊತೆ ಸೆಣಸುವ ದೃಶ್ಯ ಇರುವುದು ಇದರಲ್ಲೇ.

ನನಗೆ ಅತ್ಯಂತ ಪ್ರಿಯವಾದ ಹೆಸರಿನ ಕಥೆ ಸ್ಪೇನಿನದು. ಭಾರ ಎತ್ತುವ ಕ್ರೀಡಾಪಟುವಾಗಿದ್ದ ಪೌಲ್ ನಾಸ್ಚಿ 1968ರಲ್ಲಿ ತೋಳಮಾನವನ ಕಥೆಯೊಂದನ್ನು ಬರೆದರು. ಸ್ಪೇನಿನವನೊಬ್ಬ ತೋಳವಾಗುವುದಕ್ಕೆ ಸರ್ವಾಧಿಕಾರಿ ಫ್ರಾಂಕೊ ಕಾಲದ ಸೆನ್ಸಾರಿನವರು ಒಪ್ಪದ್ದರಿಂದ ನಾಯಕ ಪೋಲೆಂಡಿನ ವಾಲ್ಡೆಮಾರ್ ಡಾನಿನ್‌ಸ್ಕಿ ಆದ. ಅದನ್ನು ಕೊಂಡ ಅಮೆರಿಕದ ವಿತರಕರು ಚಿತ್ರಮಂದಿರಗಳಿಗೆ ಫ್ರಾಂಕೆನ್‌ಸ್ಟೈನ್ ಚಿತ್ರವೊಂದನ್ನು ಕೊಡುವುದಾಗಿ ಮೊದಲೇ ಮಾತು ಕೊಟ್ಟಿದ್ದರು. ಚಿತ್ರದಲ್ಲಿ ಫ್ರಾಂಕೆನ್‌ಸ್ಟೈನ್ ಇಲ್ಲ. ಅವರು ‘ಫ್ರಾಂಕೆನ್‌ಸ್ಟೈನ್ಸ್ ಬ್ಲಡಿ ಟೆರರ್’ ಎಂದು ಹೆಸರಿಟ್ಟು, ಫ್ರಾಂಕೆನ್‌ಸ್ಟೈನ್ ಮನೆತನಕ್ಕೆ ತೋಳದ ಶಾಪ ತಗುಲಿ ಅದು ವುಲ್ಫ್‌ಸ್ಟೈನ್ ಆಯಿತೆಂದು ಆರಂಭದಲ್ಲಿ ಒಂದು ತುಣುಕು ಅಂಟಿಸಿ ಕೈತೊಳೆದುಕೊಂಡರು.

ಅವಧಿಯ ಬಗ್ಗೆ ಒಂದು ಎಚ್ಚರಿಕೆ. ಯುರೋಪಿನ ಹಳೆಯ ಡಿವಿಡಿಗಳಲ್ಲಿ ನೂರು ನಿಮಿಷದ ಚಿತ್ರ ತೊಂಬತ್ತಾರೇ ನಿಮಿಷ ಇದ್ದರೆ ಕತ್ತರಿ ಬಿದ್ದಿದೆಯೆಂದು ಗಾಬರಿಯಾಗಬೇಡಿ. ಸೆಕೆಂಡಿಗೆ 24 ಚೌಕಟ್ಟುಗಳ ಚಿತ್ರವನ್ನು ಅಲ್ಲಿನ ಟಿವಿ ಪದ್ಧತಿಗಾಗಿ 25ರ ವೇಗದಲ್ಲಿ ಓಡಿಸುತ್ತಾರೆ, ಅಷ್ಟೆ. ದನಿಗಳೂ ತುಸು ತೆಳುವಾಗುತ್ತವೆ. ನಿಜವಾದ ಕತ್ತರಿಯನ್ನು ಹೀಗೆ ಗಣಿತದಿಂದ ಹಿಡಿಯುವುದು ಕಷ್ಟ. ಬ್ರಿಟನ್ನಿನ ಹ್ಯಾಮರ್ ಸಂಸ್ಥೆಯ 1958ರ ‘ಡ್ರಾಕುಲಾ’ ಅದಕ್ಕೆ ಒಳ್ಳೆಯ ಉದಾಹರಣೆ. ಕ್ರಿಸ್ಟೋಫರ್ ಲೀ ಬಿಸಿಲಿಗೆ ಸಿಕ್ಕಿ ಬೂದಿಯಾಗುವ ಕೊನೆಯ ದೃಶ್ಯದಲ್ಲಿ ಇನ್ನಷ್ಟು ಇತ್ತೆಂದು ಹಳಬರು ಹೇಳುತ್ತಲೇ ಇದ್ದರು. ಟೋಕಿಯೊದ ಚಲನಚಿತ್ರ ಸಂಗ್ರಹಾಲಯದಲ್ಲಿದ್ದ ಜಪಾನಿನ ಪ್ರತಿಯ ಉಳಿದ ರೀಲುಗಳು 2011ರಲ್ಲಿ ಬೆಳಕಿಗೆ ಬಂದಾಗ ಅವರ ಮಾತು ನಿಜವಾಯಿತು. ಹೊಸ ಪ್ರತಿಯಲ್ಲಿ ಆ ಜಾಗಕ್ಕೆ ಬಂದಾಗ ಲೀ ಅವರ ಕೈಯನ್ನೇ ನೋಡುತ್ತಿರಿ: ಬೆರಳುಗಳು ಕೆನ್ನೆಗೆ ಹೋಗುತ್ತವೆ, ಚರ್ಮವನ್ನು ಕೆರೆದು ಎಳೆಯುತ್ತವೆ. ಕೆಲವೇ ಸೆಕೆಂಡುಗಳು.