ಎಣಿಸುವವಳು ನಾನೊಬ್ಬಳೇ

ಮ್ಯೂನಿಕ್, ಸೆಪ್ಟೆಂಬರ್ 2019, ಮಧ್ಯರಾತ್ರಿ

ಅಕ್ಕ, ಭಾವ ಮಲಗಿ ಎಷ್ಟೋ ಹೊತ್ತಾಯಿತು. ನನಗೆ ನಿದ್ದೆ ಹತ್ತುತ್ತಿಲ್ಲ.

ಗಣೇಶನ ಹಬ್ಬದ ಸಂಗೀತ ಕಚೇರಿಗೆಂದು ಬಂದ ಉಳಿದವರೆಲ್ಲ ಊರಿಗೆ ಹೊರಟರು. ಮೃದಂಗ ನುಡಿಸುವ ನಾನು, ಜರ್ಮನಿಯ ಬಾನುಲಿ ಸಂಸ್ಥೆಗಳು ನಡೆಸುವ ಎಆರ್‌ಡಿ ಸಂಗೀತ ಸ್ಪರ್ಧೆ ಕೇಳಲೆಂದೇ ಉಳಿದೆ. 1952ರಿಂದ ನಡೆದುಬಂದಿರುವ ಈ ಸ್ಪರ್ಧೆಯಲ್ಲಿ ವಾದ್ಯಗಳು ವರ್ಷ ವರ್ಷ ಬದಲಾಗುತ್ತವೆ. ಈ ಸಲ ಚೆಲ್ಲೊ, ಕ್ಲಾರಿನೆಟ್, ಬಸೂನ್‌ಗಳ ಜೊತೆಗೆ ತಾಳವಾದ್ಯಕ್ಕೂ ಸರದಿ ಬಂದಿದೆ.

ಇವತ್ತು ಒಬ್ಬ ಹುಡುಗ ನುಡಿಸುತ್ತ ನುಡಿಸುತ್ತ ಕೋಲು ಬದಲಾಯಿಸಬೇಕಾಯಿತು. ಪಕ್ಕದ ಪುಟ್ಟ ಮೇಜಿಗೆ ಟವೆಲ್ ಹಾಸಿತ್ತು. ಕೈಯಲ್ಲಿದ್ದ ಎರಡು ಕೋಲುಗಳನ್ನು ನಿದ್ದೆಯಲ್ಲಿರುವ ಮಗುವನ್ನು ಮಲಗಿಸುವಷ್ಟು ಮೆಲ್ಲಗೆ ಅದರ ಮೇಲಿಟ್ಟು, ನೂಲು ಸುತ್ತಿದ ನಾಲ್ಕನ್ನು ಎತ್ತಿಕೊಂಡ. ಅಷ್ಟು ಹೊತ್ತೂ ಸಭೆಯಲ್ಲಿ ಒಂದು ಕೆಮ್ಮಿಲ್ಲ. ನನ್ನ ಗಂಟಲು ಕಟ್ಟಿತು. ನಮ್ಮಲ್ಲಿ ತನಿ, ಅಂದರೆ ತಾಳವಾದ್ಯಗಳಷ್ಟೇ ನುಡಿಯುವ ಭಾಗ, ಶುರುವಾಯಿತೆಂದರೆ ಕುರ್ಚಿಗಳು ಕಿರುಗುಟ್ಟುತ್ತವೆ. ಅದುವರೆಗೆ ಕದಲದೆ ಕೂತವರು ಆಗಲೇ ಕಾಫಿಗೆ ಏಳುತ್ತಾರೆ. ಎರಡು ಗಂಟೆ ಹಾಡಿಕೆಯನ್ನು ಹೊತ್ತು ನಡೆದ ಮೇಲೆ ನಮ್ಮ ಪಾಲಿಗೆ ಬರುವ ಹತ್ತು ನಿಮಿಷ ಅದು. ಹದಿನೆಂಟು ವರ್ಷಗಳಿಂದ ಜನರ ಬೆನ್ನು ನೋಡುತ್ತಲೇ ನುಡಿಸಿದ್ದೇನೆ.

ವಿರಾಮದಲ್ಲಿ ಮೆಟ್ಟಿಲ ಮೇಲೆ ಒಬ್ಬ ಹುಡುಗಿ ಸಿಕ್ಕಳು. ಮೊದಲ ಸುತ್ತಿನಲ್ಲೇ ಹೊರಬಿದ್ದವಳು. ಆದರೂ ದಿನವೂ ಬಂದು ಉಳಿದವರದ್ದನ್ನು ಕೇಳುತ್ತಿದ್ದಾಳೆ. ಅವಳ ಬಟ್ಟೆ ಚೀಲದಲ್ಲಿ ಕಬ್ಬಿಣದ ಪೈಪಿನ ತುಂಡುಗಳಿದ್ದವು. ‘ಪ್ಸಾಫಾ’ ಅಭ್ಯಾಸ ಮಾಡುತ್ತಿದ್ದಾಳಂತೆ. ಒಬ್ಬರೇ ನುಡಿಸುವ ತಾಳವಾದ್ಯಕ್ಕೆಂದು ಸಂಯೋಜಕ ಕ್ಸೆನಾಕಿಸ್ 1975ರಲ್ಲಿ ಬರೆದ ಕೃತಿ. ಮರ, ಚರ್ಮ, ಲೋಹ ಎಂದಿದೆಯೇ ಹೊರತು ಇಂಥದ್ದೇ ವಾದ್ಯ ಎಂದಿಲ್ಲ. ತನಗೆ ಬೇಕಾದ ನಾದಕ್ಕಾಗಿ ಮೂರು ಗುಜರಿ ಅಂಗಡಿಗಳಲ್ಲಿ ಪೈಪು ತಟ್ಟಿ ತಟ್ಟಿ ನೋಡಿದಳಂತೆ. ಮೃದಂಗದ ಹಲಸಿನ ಮರದ ಒಡಲಿಗೆ ಕಿವಿಯಿಟ್ಟು ಬೆರಳ ಗಿಣ್ಣಿನಿಂದ ತಟ್ಟುತ್ತಿದ್ದ ನಮ್ಮ ಮೇಷ್ಟ್ರು ಕಣ್ಣ ಮುಂದೆ ಬಂದರು.

“ನೀವು ನುಡಿಸುವಾಗ ಎದುರಿಗೆ ಕೂತವರು ಏನು ಮಾಡುತ್ತಾರೆ?” ಎಂದು ಕೇಳಿದಳು.

ಎದ್ದು ಹೋಗುತ್ತಾರೆ ಎನ್ನಲು ನಾಲಿಗೆ ಬರಲಿಲ್ಲ. “ತಾಳ ಹಾಕುತ್ತಾರೆ” ಎಂದೆ. ಅದೂ ನಿಜವೇ.

ಅವಳು ನಂಬಲಿಲ್ಲ. ಹೇಗೆಂದು ತೋರಿಸಿದೆ: ತೊಡೆಯ ಮೇಲೆ ಒಂದು ಪೆಟ್ಟು, ಕಿರುಬೆರಳು, ಉಂಗುರಬೆರಳು, ನಡುಬೆರಳು, ಆಮೇಲೆ ಪೆಟ್ಟು, ಅಂಗೈ ಮೇಲೆ ಮಾಡಿದ ಹುಸಿ, ಪೆಟ್ಟು, ಹುಸಿ. ಆ ಎಂಟೆಣಿಕೆಯ ಎರಡೇ ಆವರ್ತದಲ್ಲಿ ಹಿಡಿದಳು. ನಾನು ಮೃದಂಗದ ಸೊಲ್ಲು ತಕಧಿಮಿ ತಕಜೊಣು ಹೇಳುತ್ತ ಹೋದೆ. ಮೂರರ ಎಣಿಕೆಯ ತಿಶ್ರಕ್ಕೆ ತಿರುಗಿದಾಗ ತುಟಿ ಕಚ್ಚಿಕೊಂಡಳು, ಕೈ ಮಾತ್ರ ಬಿಡಲಿಲ್ಲ. ಮುಕ್ತಾಯ ಸಮಕ್ಕೆ, ತಾಳದ ಮೊದಲ ಪೆಟ್ಟಿಗೆ, ಬಂದು ಬಿದ್ದಾಗ ಇಬ್ಬರೂ ಒಟ್ಟಿಗೆ ನಕ್ಕುಬಿಟ್ಟೆವು. ಆಮೇಲೆ ಸುಮ್ಮನಾದಳು.

“ನಾನು ನುಡಿಸುವಾಗ ಇಡೀ ಸಭೆಯಲ್ಲಿ ಎಣಿಸುವವಳು ನಾನೊಬ್ಬಳೇ” ಎಂದಳು.

ಗಂಟೆ ಹೊಡೆಯಿತು, ಒಳಗೆ ಹೋದೆವು. ಇಂಥದ್ದನ್ನು ಎಲ್ಲಿ ಕೇಳಬಹುದು ಎಂದು ಕೇಳಿದ್ದಳು. ಟಿ.ಎ.ಎಸ್. ಮಣಿಯವರ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡ, ರಮಾಮಣಿಯವರ ಕಂಠ, ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮಾರಿಯಾನೊ ಕೂಡಿದ ಧ್ವನಿಮುದ್ರಿಕೆ ‘ಜ್ಯೋತಿ’ 1983ರಲ್ಲಿ ಹೊರಬಂದದ್ದು ಇದೇ ಊರಿನ ಇಸಿಎಂ ಎಂಬ ಧ್ವನಿಮುದ್ರಣ ಸಂಸ್ಥೆಯಿಂದ. ಅದು ಈಗ ನೆನಪಾಗುತ್ತಿದೆ! ನಾಳೆ ಸಿಕ್ಕರೆ ಮೊದಲು ಅದನ್ನೇ ಹೇಳಬೇಕು.

ಮೃದಂಗದ ಶ್ರುತಿ ಏರಿ ಕೂತಿದೆ. ಈ ಹೊತ್ತಿನಲ್ಲಿ ಶ್ರುತಿ ಮಾಡುವ ಕಲ್ಲು ಹಿಡಿದರೆ ಅಕ್ಕನ ಮನೆಯ ಗೋಡೆಯಾಚೆಯವರು ಎದ್ದುಬಿಡುತ್ತಾರೆ.

ಮೈಸೂರಿನ ಎಂಟನೇ ಕ್ರಾಸ್ ಗಣೇಶನ ಪೆಂಡಾಲಿನಲ್ಲಿ ಒಬ್ಬ ಹಿರಿಯರು ಬರುತ್ತಿದ್ದರು. ಮುಂದಿನ ಸಾಲು, ಎಡಗಡೆಯ ಕೊನೆಯ ಕುರ್ಚಿ, ಮಡಿಲಲ್ಲಿ ಮಡಿಸಿದ ಛತ್ರಿ. ಒಂದು ವರ್ಷ ಐದರ ಎಣಿಕೆಯ ಖಂಡ ನಡೆಯಲ್ಲಿ ನನ್ನ ಲೆಕ್ಕ ಜಾರಿತು. ಅವರು ಕಣ್ಣು ತೆರೆದು, ಅಂಗೈಯನ್ನು ಎಲ್ಲರಿಗೂ ಕಾಣುವಷ್ಟು ಮೇಲೆತ್ತಿ ಸಮ ತೋರಿಸಿದರು. ಕಚೇರಿ ಮುಗಿದ ಮೇಲೆ ನಾನು ಹೋಗಿ ಅವರನ್ನು ಮಾತನಾಡಿಸಲಿಲ್ಲ. ಎದ್ದು ಹೋದವರನ್ನು ಎಣಿಸುತ್ತ ಕೂತಿದ್ದೆನೇ ಹೊರತು ಅವರ ಹೆಸರು ಏನೆಂದು ಕೇಳಲೇ ಇಲ್ಲ.