ಸ್ಟೇಷನ್ ರೈಟರ್ ನೋಡಿದ ವೆಲ್ಸ್

ನೌಕರಿಯ ಬಹುಪಾಲನ್ನು ಪೊಲೀಸ್ ಠಾಣೆಯ ದಾಖಲೆ ಬರೆಯುವ ಸ್ಟೇಷನ್ ರೈಟರ್ ಆಗಿಯೇ ಕಳೆದು ನಿವೃತ್ತರಾದ ನನ್ನ ಅಪ್ಪನಿಗೆ ಪೊಲೀಸ್ ಸಿನಿಮಾಗಳೆಂದರೆ ಆಗುವುದಿಲ್ಲ. ನಾಯಕ ಬಾಗಿಲು ಒದ್ದು ಒಳಗೆ ನುಗ್ಗಿದೊಡನೆ, 'ಇದರ ಮಹಜರು ಯಾರು ಬರೆಯುತ್ತಾರೆ?' ಎಂದು ಎದ್ದು ಹೋಗುವವರು. ಇಂಗ್ಲೆಂಡಿನ ಬ್ರಿಸ್ಟಲ್‌ನ ನಮ್ಮ ಮನೆಗೆ ಅವರು ಬಂದಿದ್ದಾಗ ಒಂದು ಸಂಜೆ 2007ರ 'ಹಾಟ್ ಫಝ್' ಎಂಬ ಇಂಗ್ಲಿಷ್ ಪೊಲೀಸ್ ಹಾಸ್ಯಚಿತ್ರ ಹಾಕಿದೆ. ಹತ್ತು ನಿಮಿಷದಲ್ಲಿ ಎದ್ದು ಹೋಗುತ್ತಾರೆ ಎಂದೇ ಎಣಿಸಿದ್ದೆ.

ಎದ್ದು ಹೋಗಲಿಲ್ಲ. ನಿಕೋಲಸ್ ಏಂಜೆಲ್ ಎಂಬ ಲಂಡನ್ ಪೊಲೀಸ್ ಅಧಿಕಾರಿಯ ಕಥೆ ಅದು. ಅವನು ಮಾಡಿದ ಬಂಧನಗಳು ಮಿಕ್ಕವರಿಗಿಂತ ಶೇಕಡ 400ರಷ್ಟು ಹೆಚ್ಚು. ಇದರಿಂದ ಉಳಿದವರೆಲ್ಲ ಸೋಮಾರಿಗಳಂತೆ ಕಾಣುತ್ತಾರೆ ಎಂಬ ಕಾರಣಕ್ಕೆ ಮೇಲಿನವರು ಬಡ್ತಿ ಕೊಟ್ಟು ಸ್ಯಾಂಡ್‌ಫೋರ್ಡ್ ಎಂಬ ಹಳ್ಳಿಗೆ ಸಾಗಹಾಕುತ್ತಾರೆ. ಮೂವರು ಮೇಲಧಿಕಾರಿಗಳು ಒಬ್ಬರಾದ ಮೇಲೊಬ್ಬರು ಬಂದು ಅದೇ ಮಾತನ್ನು ನಗುನಗುತ್ತಾ ಹೇಳುತ್ತಾರೆ. ಅಪ್ಪ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. 'ಇಲ್ಲೂ ಹೀಗೆಯೇ ಏನಮ್ಮಾ?' ಎಂದರು. ಮರಳು ತುಂಬಿದ ಲಾರಿಯೊಂದರ ನಂಬರನ್ನು ಸ್ಟೇಷನ್ ಡೈರಿಯಲ್ಲಿ ಬರೆದು, ಆಮೇಲೆ ಎಷ್ಟು ಹೇಳಿದರೂ ಹೊಡೆದುಹಾಕದೆ ಇದ್ದದ್ದಕ್ಕೆ ಅವರಿಗೂ ಒಮ್ಮೆ ವರ್ಗವಾಗಿತ್ತು. ಬಡ್ತಿ ಮಾತ್ರ ಸಿಕ್ಕಿರಲಿಲ್ಲ. ವರ್ಷದ ನಡುವೆ ಶಾಲೆ ಬಿಟ್ಟು, ಅಮ್ಮ ಪಾತ್ರೆ ಸಾಮಾನು ಕಟ್ಟಿದ ಗೋಣಿಚೀಲಗಳ ಮೇಲೆ ಕುಳಿತು ನಾನು ಆ ಊರಿಗೆ ಹೋದದ್ದು ಚೆನ್ನಾಗಿ ನೆನಪಿದೆ. ಅಮ್ಮ ದಾರಿಯುದ್ದಕ್ಕೂ ಒಂದು ಮಾತೂ ಆಡಿರಲಿಲ್ಲ.

ಅಪ್ಪನಿಗೆ ಬಲು ಹಿಡಿಸಿದ್ದು ಚಿತ್ರದ ಕಾಗದದ ಕೆಲಸ. ನಿರ್ದೇಶಕ ಎಡ್ಗರ್ ರೈಟ್ ಮತ್ತು ಏಂಜೆಲ್ ಪಾತ್ರ ಮಾಡಿದ ಸೈಮನ್ ಪೆಗ್ ಸೇರಿ ಚಿತ್ರಕಥೆ ಬರೆಯುವ ಮುನ್ನ ಅನೇಕ ಪೊಲೀಸರನ್ನು ಮಾತನಾಡಿಸಿದ್ದರು. ಅದು ಎದ್ದು ಕಾಣುತ್ತದೆ. ಬೇರೆ ಸಿನಿಮಾಗಳು ಗುಂಡು ಹಾರಿಸುವುದನ್ನು ತೋರಿಸುವ ರಭಸದಲ್ಲಿ ಇದು ಅರ್ಜಿ ತುಂಬುವುದನ್ನು ತೋರಿಸುತ್ತದೆ: ಪೆನ್ನಿನ ಗುಂಡಿ ಟಕ್, ಹಾಳೆ ಸರ್ರನೆ, ಕೈದಿಯ ಫೋಟೊ ಫಳಕ್. ಊರಿಗೆ ಕಾಲಿಟ್ಟ ರಾತ್ರಿಯೇ ಏಂಜೆಲ್ ಪಬ್ಬಿನಲ್ಲಿ ಕುಡಿಯುತ್ತಿದ್ದ ಎಳೆಯ ಹುಡುಗರನ್ನು ಹೊರಗಟ್ಟುತ್ತಾನೆ, ಅಮಲಿನಲ್ಲಿ ಕಾರು ಹೊರಡಿಸಿದವನೊಬ್ಬನನ್ನು ಹಿಡಿದು ತರುತ್ತಾನೆ. ಬೆಳಗಾದರೆ ಆ ಕುಡುಕ ಡ್ಯಾನಿ ಅದೇ ಠಾಣೆಯ ಪೊಲೀಸ್, ಇನ್‌ಸ್ಪೆಕ್ಟರರ ಮಗ! ಮುದ್ದೆಮಾಲಿನ ಕೋಣೆಯಲ್ಲಿ ಮುದುಕನೊಬ್ಬನಿಂದ ವಶಪಡಿಸಿಕೊಂಡ ಬಂದೂಕುಗಳ ರಾಶಿ ಕಂಡಾಗ ಅಪ್ಪ ಮುಂದಕ್ಕೆ ಬಾಗಿದರು. 'ಒಂದಕ್ಕೂ ಚೀಟಿ ಅಂಟಿಸಿಲ್ಲ, ನೋಡು.'

ಕೊಲೆಗಾರರು ಯಾರೆಂದು ನಾನು ಬಾಯಿ ಬಿಡುವ ಮೊದಲೇ ಅವರು ಹೇಳಿಬಿಟ್ಟರು. ಚಿತ್ರ ನೋಡದವರು ಈ ಪ್ಯಾರಾ ದಾಟಿ ಮುಂದೆ ಓದಬಹುದು. ಊರಿನ ಕಾವಲು ಸಮಿತಿಯ ಹಿರಿಯರೇ, ಅಂದರೆ ವೈದ್ಯರು, ಪಾದ್ರಿ, ಅಂಗಡಿಯವರೇ, 'ವರ್ಷದ ಅತ್ಯುತ್ತಮ ಹಳ್ಳಿ' ಪ್ರಶಸ್ತಿ ಕೈತಪ್ಪಬಾರದೆಂದು ಜನರನ್ನು ಮುಗಿಸುತ್ತಿರುತ್ತಾರೆ. ಕೆಟ್ಟದಾಗಿ ನಾಟಕವಾಡಿದವನು, ಪತ್ರಿಕೆಯಲ್ಲಿ ಅಕ್ಷರ ತಪ್ಪಿಸಿದವನು, ಊರಿಗೆ ಒಪ್ಪದ ಮನೆ ಕಟ್ಟಿದವನು, ಹೀಗೆ. ಅಪ್ಪನ ತರ್ಕ ಸರಳ. ಗಣಪತಿ ಹಬ್ಬಕ್ಕೆ ಮುನ್ನ ಠಾಣೆಯಲ್ಲಿ ಶಾಂತಿ ಸಭೆ ನಡೆಯುತ್ತದಲ್ಲ, ಅಲ್ಲಿ ಮುಂದಿನ ಸಾಲಿನಲ್ಲಿ ಕುಳಿತು ಅತಿ ಮೆತ್ತಗೆ ಮಾತನಾಡುವವರ ಮೇಲೆ ಅವರಿಗೆ ಸದಾ ಒಂದು ಕಣ್ಣು.

ಕೊನೆಯ ಗುಂಡಿನ ಕಾಳಗ ಅವರಿಗೆ ರುಚಿಸಲಿಲ್ಲ. ಇಲ್ಲಿನ ಬೀಟ್ ಪೊಲೀಸರು ಬಂದೂಕು ಇಟ್ಟುಕೊಳ್ಳುವುದಿಲ್ಲ, ಅಂಥ ಊರಿನಲ್ಲಿ ಒಬ್ಬ ಪೊಲೀಸ್ ಮೈತುಂಬ ಬಂದೂಕು ಕಟ್ಟಿಕೊಂಡು ಬಿಳಿ ಕುದುರೆಯೇರಿ ಬರುವುದೇ ತಮಾಷೆ ಎಂದು ವಿವರಿಸಿದೆ. 'ನಾನೂ ಫೈರಿಂಗ್ ರೇಂಜಿನಾಚೆ ಒಂದು ಗುಂಡೂ ಹಾರಿಸಿಲ್ಲ. ಅದರಲ್ಲಿ ತಮಾಷೆ ಏನು ಬಂತು?' ಎಂದರು.

ಚಿತ್ರ ತೆಗೆದ ಊರು ಇಲ್ಲಿಗೆ ಬಸ್ಸಿನ ದೂರ ಎಂದು ಗೊತ್ತಾದ ಮೇಲೆ ಸ್ಥಳ ಪರಿಶೀಲನೆ ಆಗಲೇಬೇಕಾಯಿತು. ಸಾಮರ್‌ಸೆಟ್‌ನ ವೆಲ್ಸ್ ಎಡ್ಗರ್ ರೈಟ್ ಬೆಳೆದ ಊರು. ಅಲ್ಲಿ ರೈಲು ನಿಲ್ದಾಣವಿಲ್ಲ, ಬ್ರಿಸ್ಟಲ್‌ನಿಂದ ಬಸ್ ಮೆಂಡಿಪ್ ಗುಡ್ಡ ಹತ್ತಿ ಇಳಿಯುತ್ತದೆ. ಶನಿವಾರದ ಸಂತೆ ನೆರೆದಿತ್ತು. ಚೀಸ್, ಸೇಬಿನ ಸೈಡರ್, ಉಣ್ಣೆಯ ಟೋಪಿಗಳ ನಡುವೆ ಅಪ್ಪ ಕೈ ಹಿಂದೆ ಕಟ್ಟಿಕೊಂಡು, ಬಂದೋಬಸ್ತಿಗೆ ಬಂದವರಂತೆ ನಡೆದರು.

ಸಂತೆ ಚೌಕದಲ್ಲಿಯೇ ಚಿತ್ರದ ಪಬ್ 'ಕ್ರೌನ್' ಇದೆ, ಹೆಸರೂ ಅದೇ. ಸಿನಿಮಾದ ಗುರುತು ಹುಡುಕುತ್ತಿದ್ದ ನಮಗೆ ಸಿಕ್ಕಿದ್ದು ಬೇರೆ ಕಥೆ. 1695ರಲ್ಲಿ ಕ್ವೇಕರ್ ಎಂಬ ಕ್ರೈಸ್ತ ಪಂಥದ ವಿಲಿಯಂ ಪೆನ್, ಅಮೆರಿಕದ ಪೆನ್ಸಿಲ್ವೇನಿಯ ಸ್ಥಾಪಿಸಿದವರು, ಇದರ ಕಿಟಕಿಯಲ್ಲಿ ನಿಂತು ದೊಡ್ಡ ಜನಸ್ತೋಮಕ್ಕೆ ಉಪದೇಶ ಮಾಡಿದ್ದರು. ಅವರನ್ನು ಹಿಡಿದೊಯ್ದು ಬಳಿಕ ಬಿಟ್ಟರು. 'ಅನುಮತಿ ಪಡೆದಿರಲಿಕ್ಕಿಲ್ಲ' ಎಂದರು ಅಪ್ಪ, ಮುನ್ನೂರು ವರ್ಷ ಹಳೆಯ ಕಡತ ಮುಚ್ಚುತ್ತಾ. ಅಲ್ಲೇ ಚೌಕದ ಕಲ್ಲುಹಾಸಿನಲ್ಲಿ 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಈ ಊರಿನ ಮೇರಿ ರ‍್ಯಾಂಡ್ ಜಿಗಿದ ಉದ್ದ ಜಿಗಿತದ ದಾಖಲೆ ದೂರವನ್ನು ಗುರುತಿಸಿದ್ದಾರೆ: 6.76 ಮೀಟರ್. ಅಪ್ಪ ಅದನ್ನು ಹೆಜ್ಜೆಯಿಂದ ಅಳೆದರು. ಹಿಂದಕ್ಕೆ ಬಂದು ಮತ್ತೊಮ್ಮೆ ಅಳೆದರು.

ಸೇಂಟ್ ಕತ್‌ಬರ್ಟ್ ಚರ್ಚಿನ ಗೋಪುರವನ್ನು ದೂರದಿಂದಲೇ ಗುರುತು ಹಿಡಿದರು. ಚಿತ್ರದಲ್ಲಿ ಗೋಪುರದ ಕಲ್ಲು ಬಿದ್ದು ಪತ್ರಕರ್ತನ ತಲೆ ಜಜ್ಜಿಹೋಗುವುದು ಇಲ್ಲಿಯೇ. ಆಮೇಲೆ ಕಮಾನು ದಾಟಿ ಒಳಗೆ ಹೋದರೆ ಹಸಿರು ಹಾಸಿನ ಆಚೆ ವೆಲ್ಸ್ ಕೆಥೆಡ್ರಲ್, ಅಂದರೆ ಬಿಷಪ್ಪರ ಮುಖ್ಯ ಚರ್ಚು, ಮುಂಗೋಡೆಯ ತುಂಬ ಸಾಲು ಸಾಲು ಕಲ್ಲಿನ ಮೂರ್ತಿಗಳು. ಅಪ್ಪ ನಿಂತುಬಿಟ್ಟರು. 'ಇದು ಸಿನಿಮಾದಲ್ಲಿ ಇರಲಿಲ್ಲವಲ್ಲ?'

ಇರಲಿಲ್ಲ. ಕೆಥೆಡ್ರಲ್ ಕಂಡರೆ ಊರು ಹಳ್ಳಿಯೆಂದು ಯಾರೂ ನಂಬುವುದಿಲ್ಲವೆಂದು ಅದನ್ನು ಕಂಪ್ಯೂಟರಿನಲ್ಲಿ ಅಳಿಸಿದ್ದಾರೆ. ಹನ್ನೊಂದು-ಹನ್ನೆರಡು ಸಾವಿರ ಜನರಷ್ಟೇ ಇರುವ ವೆಲ್ಸ್ ನಗರ ಎನಿಸಿಕೊಂಡಿರುವುದೇ ಈ ಕೆಥೆಡ್ರಲ್ ದೆಸೆಯಿಂದ. 'ಇಷ್ಟು ದೊಡ್ಡ ಮಾಲು ಕಾಣೆಯಾಗಿದೆ, ಊರಿನಲ್ಲಿ ಒಬ್ಬರೂ ದೂರು ಕೊಡಲಿಲ್ಲವೇ?' ಎಂದು ಅಪ್ಪ ಗಂಭೀರವಾಗಿಯೇ ಕೇಳಿದರು.

ಒಳಗೆ ಹದಿನಾಲ್ಕನೆಯ ಶತಮಾನದ ಕೊನೆಯ ಕಾಲದ ಗಡಿಯಾರವಿದೆ. ಕಾಲು ಗಂಟೆಗೊಮ್ಮೆ ಅದರ ಮೇಲೆ ಕುದುರೆ ಸವಾರರು ಸುತ್ತು ಹೊಡೆಯುತ್ತಾರೆ, ಪ್ರತಿ ಸಲವೂ ಅದೇ ಒಬ್ಬ ಪಾಪದವನು ಏಟು ತಿಂದು ಮಲಗುತ್ತಾನೆ. 'ಪ್ರತಿ ಠಾಣೆಯಲ್ಲೂ ಇಂಥವನೊಬ್ಬ ಇರುತ್ತಾನೆ' ಎಂದ ಅಪ್ಪ ಮುಂದಿನ ಸುತ್ತಿಗೂ ಕಾದರು. ಹಾಗಾಗಿ ಬಿಷಪ್ ಅರಮನೆಯ ಕಂದಕದಲ್ಲಿ ಹಸಿವಾದಾಗ ಹಗ್ಗ ಎಳೆದು ಗಂಟೆ ಬಾರಿಸುವ ಹಂಸಗಳನ್ನು ನೋಡಲು ಸಮಯ ಸಾಲಲಿಲ್ಲ. ಚಿತ್ರದುದ್ದಕ್ಕೂ ಪೊಲೀಸರ ಕೈಗೆ ಸಿಗದೆ ಓಡುವ ಹಂಸ ನನ್ನ ಇಷ್ಟದ ಪಾತ್ರ, ಆದರೆ ನನ್ನ ಮಾತು ಯಾರು ಕೇಳುತ್ತಾರೆ?

ಬಸ್ ನಿಲ್ದಾಣದ ಬಳಿ ಸಮವಸ್ತ್ರದವರೊಬ್ಬರು ಎದುರಾದರು. ಅಪ್ಪ ನೆಟ್ಟಗೆ ನಿಂತು, ಹರಕುಮುರುಕು ಇಂಗ್ಲಿಷಿನಲ್ಲಿ ತಮ್ಮ ಪರಿಚಯ ಹೇಳಿಕೊಂಡರು. ಆತ ಕೈಕುಲುಕಿದರು. ಸಿನಿಮಾದ ಬಗ್ಗೆ ಕೇಳಿಬಿಡೋಣವೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅಪ್ಪ, ಬರೆಯುವ ಕೆಲಸ ಎಷ್ಟಿದೆ ಎಂದು ವಿಚಾರಿಸಿದ್ದರು. ಆತ ಕುತ್ತಿಗೆಯ ಮಟ್ಟಕ್ಕೆ ಕೈ ತೋರಿಸಿ, ಈಗ ಎಲ್ಲವೂ ಕಂಪ್ಯೂಟರಿನಲ್ಲಿ, ಆದರೂ ಮುಗಿಯುವುದಿಲ್ಲ ಎಂದರು. ಅಪ್ಪ ಅವರ ಭುಜ ತಟ್ಟಿ, ಬರೆದದ್ದಕ್ಕೆಲ್ಲ ಒಂದು ನಕಲು ಮನೆಯಲ್ಲಿಟ್ಟುಕೊಳ್ಳಲು ಹೇಳಮ್ಮಾ ಎಂದು ನನ್ನ ಕಡೆ ತಿರುಗಿದರು. ಇಲ್ಲಿ ಹಾಗೆ ಮಾಡಿದರೆ ಕೆಲಸವೇ ಹೋದೀತು ಎಂದೆ. 'ನನಗೂ ಹಾಗೆಯೇ ಹೆದರಿಸಿದ್ದರು' ಎಂದು ಅಪ್ಪ ಬಸ್ ಹತ್ತಿದರು.